ಲೊದ್ದಿಗುಂಡದಲ್ಲಿ ಕಳೆದ ಲಿಂಗ

ನಾರಾಯಣಪೇಟೆ
೨೦ ಮಾರ್ಚ್ ೨೦೨೫

ತಮ್ಮ ಗುರುಲಿಂಗ,

ನಿನ್ನ ಕಾಡಿನ ಕ್ಯಾಂಪಿಗೆ ಫೋನು ಹತ್ತಿದರೆ ಈ ಕಾಗದದ ಗೋಜೇ ಇರುತ್ತಿರಲಿಲ್ಲ. ಅಚ್ಚಂಪೇಟೆಯ ವಿಳಾಸಕ್ಕೆ ಹಾಕುತ್ತಿದ್ದೇನೆ. ರೇಷನ್ ಜೀಪಿನವನು ಅಕ್ಕಿ ಬೇಳೆಯ ಜೊತೆ ಇದನ್ನೂ ನಿನಗೆ ಮುಟ್ಟಿಸಲಿ.

ವಿಷಯ ಇಷ್ಟು. ಅವ್ವ ಈ ಸಲ ಚೈತ್ರದ ಹುಣ್ಣಿಮೆಗೆ ಲೊದ್ದಿಗುಂಡಕ್ಕೆ ಬರುತ್ತೇನೆಂದು ಹಟ ಹಿಡಿದಿದ್ದಾಳೆ. ನಲ್ಲಮಲ ಕಾಡಿನ ಒಳಗೆ ಅಷ್ಟು ದೂರ ಹೋಗಿ ಜಲಪಾತದ ಕೆಳಗೆ ನಿಂತು ಅಲ್ಲಿನ ಗವಿಯ ಲಿಂಗಮಯ್ಯನಿಗೆ ಕೈ ಮುಗಿಯಬೇಕಂತೆ. ಮೊಣಕಾಲು ಹಿಡಿದುಕೊಂಡು ಅಡುಗೆಮನೆಯಿಂದ ಮಗ್ಗದ ಕೋಣೆಗೆ ಬರುವಷ್ಟರಲ್ಲಿ ಎರಡು ಸಲ ಕೂರುತ್ತಾಳೆ, ಇವಳಿಗೆ ಗುಡ್ಡ ಇಳಿಯುವ ಆಸೆ. ನಾನು ಬೇಡವೆಂದರೆ, "ನಿನಗೇನು ಹೊತ್ಕೊಂಡು ಹೋಗಂತ ಹೇಳೀನೇನು? ನನ್ನ ಕಾಲು, ನಾ ನಡೀತೀನಿ" ಅನ್ನುತ್ತಾಳೆ. ನಿಮ್ಮ ಭಾವ ಅವಳ ಕಡೆಗೇ ತಲೆ ಆಡಿಸಿ ನೇಯುತ್ತಾ ಕೂತುಬಿಟ್ಟರು.

ನಾಲ್ಕು ವರ್ಷದಿಂದ ಅವಳು ನಿನ್ನ ಜೊತೆ ಮಾತು ಬಿಟ್ಟಿದ್ದಾಳೆ. ನೀನು ಲಿಂಗ ಕಟ್ಟದ ಮನೆಯ ತೆಲುಗು ಹುಡುಗಿ ಪ್ರಶಾಂತಿಯನ್ನು ಮದುವೆಯಾದದ್ದು ಅವಳಿಗೆ ಇವತ್ತಿಗೂ ಗಂಟಲಲ್ಲಿ ಸಿಕ್ಕಿಕೊಂಡಿದೆ. ಆದರೆ ಆ ಕಾಡಿನಲ್ಲೇ ನೀನು ಅರಣ್ಯ ಇಲಾಖೆಯ ಕೆಲಸದಲ್ಲಿರುವುದು ಅವಳಿಗೆ ಗೊತ್ತು. ನಾನು ಏನೂ ಹೇಳುವುದಿಲ್ಲ. ದಾರಿ ಹೇಗಿದೆ, ಎಷ್ಟು ನಡೆಯಬೇಕು, ಅಷ್ಟು ಬರೆ. ಕನ್ನಡದಲ್ಲೇ ಬರೆ, ಅವಳೆದುರು ಓದಬೇಕು.

ನಿನ್ನ ಅಕ್ಕ,
ಉಮಾಶ್ರೀ

ಕ್ಯಾಂಪ್
೨೭ ಮಾರ್ಚ್ ೨೦೨೫

ಅಕ್ಕಾ,

ಬೇಡ.

ಹುಣ್ಣಿಮೆಯ ಹಿಂದಿನ ದಿನ, ಹುಣ್ಣಿಮೆ, ಮರುದಿನ, ಹೀಗೆ ವರ್ಷಕ್ಕೆ ಮೂರೇ ದಿನ ಗೇಟು ತೆಗೆಯುತ್ತೇವೆ. ಮೂರು ದಿನಕ್ಕೆ ಜನ ಲೆಕ್ಕವಿಲ್ಲದಷ್ಟು. ಜೀಪು ನಿಲ್ಲುವಲ್ಲಿಂದ ಐದು ಕಿಲೋಮೀಟರು ಕಲ್ಲಿನ ದಾರಿ. ಕೊನೆಯ ಅರ್ಧ ಮೈಲು ಬಂಡೆಗಳ ನಡುವೆ ಕೂತು ಕೂತು ಇಳಿಯಬೇಕು. ನೆರಳಿಲ್ಲ. ಹೋದ ವರ್ಷ ಉಸಿರು ಕಟ್ಟಿದ ಇಬ್ಬರನ್ನು ನಾನೇ ಬೆನ್ನ ಮೇಲೆ ಹೊತ್ತು ಮೇಲೆ ತಂದಿದ್ದೇನೆ. ಈ ವರ್ಷ ಆ ಕಣಿವೆಯಲ್ಲೇ ಒಂದು ಹೆಣ್ಣು ಹುಲಿ ಮರಿ ಹಾಕಿದೆ. ಜಾತ್ರೆ ಮುಗಿದ ಕೂಡಲೇ ನಮ್ಮವರನ್ನೂ ಕೆಳಗೆ ಬಿಡುವುದಿಲ್ಲ ಎಂದು ಆದೇಶ ಬಂದಿದೆ.

ಅವ್ವನಿಗೆ ದೇವರು ಬೇಕಾದರೆ ಮಕ್ತಲದಲ್ಲಿ ಮಠವಿದೆ. ಇಷ್ಟಕ್ಕೂ ಅವಳ ಕೊರಳಲ್ಲೇ ಲಿಂಗವಿದೆ. ಅದನ್ನು ಅಂಗೈಯಲ್ಲಿಟ್ಟು ಪೂಜೆ ಮಾಡದೆ ಅವಳು ಒಂದು ಗುಟುಕು ನೀರು ಕುಡಿದದ್ದನ್ನು ನಾನು ಕಂಡಿಲ್ಲ. ಅಂಥವಳಿಗೆ ಇಲ್ಲೇನು ಸಿಗಬೇಕಾಗಿದೆ?

ಬಂದೇ ಬರುತ್ತೀರಾದರೆ ಹುಣ್ಣಿಮೆಯ ದಿನ ಬೆಳಗ್ಗೆ ಬೇಗ ಬನ್ನಿ. ನಾನು ಮೇಲಿನ ಬಂಡೆಯ ಹತ್ತಿರ ಡ್ಯೂಟಿಯಲ್ಲಿರುತ್ತೇನೆ. ಅವಳಿಗೆ ನನ್ನ ಮುಖ ನೋಡುವ ಕಷ್ಟ ಕೊಡುವುದಿಲ್ಲ.

ಗುರು

ನಾರಾಯಣಪೇಟೆ
೧೫ ಏಪ್ರಿಲ್ ೨೦೨೫

ಗುರು,

ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ. ಅವ್ವನ ಲಿಂಗ ಕಳೆದಿದೆ. ಲೊದ್ದಿಗುಂಡದಲ್ಲಿ, ಜಲಪಾತದ ಕೆಳಗೆ.

ನೀನು ದೂರದ ಬಂಡೆಯ ಮೇಲೆ ನಿಂತಿದ್ದನ್ನು ನಾನು ನೋಡಿದೆ. ನಾವು ಇಳಿಯುವುದನ್ನು ನೀನೂ ನೋಡಿರಬೇಕು. ಎರಡು ತಾಸು ಹಿಡಿಯಿತು. ಕೆಳಗೆ ಮುಟ್ಟಿದಾಗ ಅವಳ ಮುಖದಲ್ಲಿ ಸುಸ್ತೇ ಇರಲಿಲ್ಲ. ನೀರು ಅಷ್ಟು ಎತ್ತರದಿಂದ ಬೀಳುತ್ತದೆ, ಕೆಳಗೆ ನಿಂತವರ ಮಾತು ಕೇಳಿಸುವುದಿಲ್ಲ. ಹಿಂದಿನಿಂದ ಜನ ದೂಡುತ್ತಿದ್ದರು. ಅವಳು ಧಾರೆಯ ಕೆಳಗೆ ತಲೆ ಕೊಟ್ಟು ನಿಂತಳು, ನಾನು ರಟ್ಟೆ ಹಿಡಿದುಕೊಂಡಿದ್ದೆ. ಈಚೆಗೆ ಬಂದು ಸೆರಗು ಹಿಂಡುವಾಗ ಎದೆಗೆ ಕೈ ಹೋಯಿತು. ಲಿಂಗವಸ್ತ್ರ ಇಲ್ಲ, ಲಿಂಗವಿಲ್ಲ, ದಾರವೂ ಇಲ್ಲ.

ಮತ್ತೆ ಗುಂಡದ ಮಡುವಿಗೆ ಇಳಿಯಲು ಹೋದಳು. ನಾಲ್ಕು ಜನ ಹಿಡಿದೆವು. ಅಲ್ಲಿ ಪೂಜೆ ಮಾಡುವ ಚೆಂಚು ಬುಡಕಟ್ಟಿನ ಮುದುಕ ಬಾಲಯ್ಯ ಅರ್ಧ ತಾಸು ಮುಳುಗಿ ಮುಳುಗಿ ಹುಡುಕಿದ. ಜನ ಕಲಕಿದ ನೀರು, ಏನೂ ಕಾಣಲಿಲ್ಲ. ಕೊನೆಗೆ ನಿಮ್ಮವರು ಸೀಟಿ ಊದಿ ಎಲ್ಲರನ್ನೂ ಮೇಲೆ ಹತ್ತಿಸಿದರು. ಅವಳು ಅಳಲಿಲ್ಲ. ಬಸ್ಸಿನಲ್ಲಿ ನೀರು ಕೊಟ್ಟರೆ ಬಾಟಲಿಯನ್ನು ನನ್ನ ಕಡೆಗೇ ಸರಿಸಿದಳು.

ಅವತ್ತಿನಿಂದ ಎರಡು ದಿನ ನೀರು ಕೂಡ ಇಲ್ಲ. ಮಕ್ತಲದ ಅಯ್ಯನವರನ್ನು ಕರೆಸಿದೆವು. ಅವರು, "ಹೊಸ ಲಿಂಗ ಕಟ್ಟಿ ದೀಕ್ಷೆ ಕೊಡ್ತೀನಿ ತಾಯಿ, ಶಾಸ್ತ್ರದಾಗ ದಾರಿ ಐತಿ" ಅಂದರು. ಅವಳು ಒಪ್ಪಲಿಲ್ಲ. "ಅರವತ್ತೆಂಟು ವರ್ಷ ಮೈಮ್ಯಾಲಿದ್ದದ್ದು ಹೋಗೇತ್ರಿ. ಹೊಸದು ಕಟ್ಟಿಸಿಕೊಂಡು ಯಾರಿಗೆ ಮಾರಿ ತೋರಸಲಿ?" ಅಂದಳು. ಅವರು ಬಹಳ ಹೇಳಿ ಅವಳನ್ನು ಒಂದು ಮಾತಿಗೆ ತಂದರು. ಬರುವ ಹುಣ್ಣಿಮೆಯವರೆಗೆ, ಅಂದರೆ ಮೇ ಹನ್ನೆರಡರವರೆಗೆ, ಹುಡುಕುವುದು. ಅಲ್ಲಿಯವರೆಗೆ ದಿನಕ್ಕೆ ಎರಡು ಸಲ ಹಾಲು ಮಾತ್ರ. ಸಿಗದಿದ್ದರೆ ಹಾಲೂ ಬೇಡ ಅಂದಿದ್ದಾಳೆ.

ಜನ ದೂಡಿದ್ದಕ್ಕೇ ಹೀಗಾಯಿತು. ಗುರು, ನೀನು ಅಲ್ಲೇ ಇರುವವನು. ಹುಡುಕು.

ಉಮಾ

ಕ್ಯಾಂಪ್
೧೮ ಏಪ್ರಿಲ್ ೨೦೨೫

ಅಕ್ಕಾ,

ನಿನ್ನ ಕಾಗದ ಇವತ್ತು ಕೈಗೆ ಬಂತು. ಆಗಲೇ ಗೇಟು ಮುಚ್ಚಿ ಐದು ದಿನವಾಗಿದೆ.

ಮೇಲಿನ ಬಂಡೆಯಿಂದ ಕೆಳಗೆ ಹೋಗುವ ದಾರಿಗೆ ಎರಡೂ ಕಡೆ ಕ್ಯಾಮೆರಾ ಕಟ್ಟಿದ್ದಾರೆ. ಹುಲಿ ದಾಟಿದರೂ ಫೋಟೋ, ನಾನು ದಾಟಿದರೂ ಫೋಟೋ. ಬಾಲಯ್ಯನಿಗೆ ಮಾತ್ರ ದಿನಾ ಪೂಜೆಗೆ ಇಳಿಯಲು ಬಿಟ್ಟಿದ್ದಾರೆ. ಅವನ ಗುಡಿಸಲಿಗೆ ಹೋಗಿ ಕೇಳುತ್ತೇನೆ. ಅವನು ಯಾವಾಗ ಕೈಗೆ ಸಿಗುತ್ತಾನೋ ಅವನಿಗೇ ಗೊತ್ತಿರುವುದಿಲ್ಲ.

ಜನ ದೂಡಿದರು ಅನ್ನುತ್ತೀಯ. ಜನ ದೂಡಿದರೆ ಮನುಷ್ಯ ಬೀಳುತ್ತಾನೆ, ಶಿವದಾರ ಬಿಚ್ಚುವುದಿಲ್ಲ. ಅವ್ವನ ದಾರಕ್ಕೆ ವರ್ಷಗಟ್ಟಲೆ ಏನೂ ಆಗಿರಲಿಲ್ಲ. ಹೊರಡುವ ಮುಂಚೆ ಅದನ್ನು ಯಾರಾದರೂ ನೋಡಿದ್ದಿರಾ? ಇಷ್ಟು ದೂರ ಕರೆದುಕೊಂಡು ಬಂದವಳು ನೀನು. ನಾನು ಬೇಡವೆಂದು ಬರೆದಿದ್ದೆ. ಒಂದೇ ಶಬ್ದದಲ್ಲಿ ಬರೆದಿದ್ದೆ.

ಅವಳ ಸಕ್ಕರೆ ಕಾಯಿಲೆಯ ಮಾತ್ರೆ ಏನು ಮಾಡುತ್ತಿದ್ದೀಯ? ಗದ್ವಾಲಕ್ಕೆ ಫೋನು ಮಾಡಿ ಪ್ರಶಾಂತಿಯನ್ನು ಕೇಳು. ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು, ಅವಳಿಗೆ ತಿಳಿಯುತ್ತದೆ. ಅವ್ವನಿಗೆ ಸಿಟ್ಟು ಬರುತ್ತದೆಂದು ಸುಮ್ಮನೆ ಕೂರಬೇಡ.

ಗುರು

ನಾರಾಯಣಪೇಟೆ
೨೨ ಏಪ್ರಿಲ್ ೨೦೨೫

ಗುರು,

ನಿನ್ನ ಕಾಗದ ಮುಟ್ಟುವ ಹಿಂದಿನ ದಿನವೇ ಅವ್ವ ಬಚ್ಚಲಲ್ಲಿ ಬಿದ್ದಳು. ಮೈಯೆಲ್ಲ ಬೆವರು, ಕರೆದರೆ ಓ ಅನ್ನಲಿಲ್ಲ. ನಾನು ಮಂದಬುದ್ಧಿಯವಳು, ಊಟವಿಲ್ಲದಿದ್ದರೂ ಮಾತ್ರೆ ತಪ್ಪಬಾರದೆಂದು ಹಾಲಿನ ಜೊತೆ ದಿನಾ ಕೊಡುತ್ತಿದ್ದೆ. ನಾನು ಫೋನು ಮಾಡಿದ ಕೂಡಲೇ ಪ್ರಶಾಂತಿ ಗದ್ವಾಲದಿಂದ ಸಿಕ್ಕ ಬಸ್ಸು ಹಿಡಿದು ಬಂದಳು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಐವತ್ತೆರಡಕ್ಕೆ ಇಳಿದಿತ್ತು. ಹೊಸ್ತಿಲಲ್ಲೇ ನನ್ನನ್ನು ಬೈದಳು, "ಅನ್ನಂ ಲೇಕುಂಡಾ ಗೋಲೀಲು ಇಸ್ತಾರಾ ಅಕ್ಕಾ? ಉಣ್ಣದವ್ರಿಗೆ ಯಾರಾದ್ರೂ ಗುಳಗಿ ಕೊಡ್ತಾರೇನು? ಇನ್ನೊಂದು ತಾಸು ತಡ ಆಗಿದ್ರ ಅತ್ತಿ ಉಳೀತಿದ್ದಿಲ್ಲ." ಮಾತ್ರೆ ನಿಲ್ಲಿಸಿದ್ದಾಳೆ. ಹಾಲಿಗೆ ಬೆಲ್ಲ ಹಾಕಿಸಿದ್ದಾಳೆ. ಅವ್ವ ಅವಳ ಕೈಗೆ ಬೆರಳು ಕೊಟ್ಟಳು, ಆದರೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದಳು. ಈ ಹುಡುಗಿ ಏನೂ ಅಂದುಕೊಳ್ಳದೆ ಎರಡು ದಿನ ಉಳಿದು ಹೋದಳು.

ಹತ್ತು ದಿನಕ್ಕೆ ಅವ್ವನ ಬಳೆ ಮೊಣಕೈಗೆ ಹತ್ತುತ್ತಿವೆ. ಹೀಗೇ ಹೋದರೆ ಹುಣ್ಣಿಮೆಯವರೆಗೆ ಬರುವುದು ಕಷ್ಟ ಎಂದು ಪ್ರಶಾಂತಿ ಅಂದಳು.

ಇನ್ನು ನೀನು ಕೇಳಿದ ದಾರದ ವಿಷಯ. ಅದನ್ನು ಬರೆಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಹೊರಡುವ ಮುಂಚೆ ದಾರ ನೋಡಿದವಳು ನಾನೇ. ಹಳೆಯ ನೂಲಿನ ದಾರ, ಕಪ್ಪಾಗಿತ್ತು. ದೇವರ ಹತ್ತಿರ ಹೋಗುತ್ತಿದ್ದೇವೆ, ಚಂದ ಇರಲಿ ಎಂದು ಮಗ್ಗದಲ್ಲಿ ಸೀರೆಯ ಅಂಚಿಗೆ ಹಚ್ಚಿದ್ದ ರೇಷ್ಮೆಯ ಎಳೆ ತೆಗೆದು, ಹುರಿ ಮಾಡಿ, ಹೊಸ ಶಿವದಾರ ಕಟ್ಟಿದೆ. ಅವಳಿಗೂ ಖುಷಿಯಾಗಿತ್ತು. ನೂಲು ನೆನೆದರೆ ಗಂಟು ಬಿಗಿಯುತ್ತದೆ, ರೇಷ್ಮೆ ನೆನೆದರೆ ಜಾರುತ್ತದೆ. ಬುದ್ಧಿ ಬಂದಾಗಿನಿಂದ ಮಗ್ಗದ ಮುಂದೆ ಕೂತವಳು ನಾನು, ನನಗೆ ಇದು ಹೊಳೆಯಲಿಲ್ಲ. ಅವ್ವನಿಗೆ ಇದನ್ನು ಹೇಳಿಲ್ಲ. ಹೇಳುವ ಧೈರ್ಯವಿಲ್ಲ. ಅವಳ ಜೀವ ಹೋದರೆ ನನ್ನ ಕೈಯಿಂದಲೇ ಹೋದ ಹಾಗೆ.

ಇನ್ನೊಂದು. ಹೇಳಬಾರದೆಂದು ಅವಳು ನನ್ನಿಂದ ಮಾತು ತೆಗೆದುಕೊಂಡಿದ್ದಳು. ಅವಳು ಲಿಂಗಮಯ್ಯನಿಗಾಗಿ ಬಂದದ್ದಲ್ಲ. ಮಹಬೂಬನಗರ ದಾಟಿದ ಮೇಲೆ ಬಸ್ಸಿನಲ್ಲಿ ನನ್ನ ಕಿವಿಯಲ್ಲಿ, "ಮಾತಾಡಂಗಿಲ್ಲ. ದೂರದಿಂದ ನೋಡಿ ಬರ್ತೀನಿ, ತೆಳ್ಳಗಾಗ್ಯಾನೇನಂತ" ಅಂದಳು. ನೀನು ಬಂಡೆಯ ಮೇಲೆ ನಿಂತು ಅತ್ತ ಮುಖ ಮಾಡಿಕೊಂಡಿದ್ದೆ. ಅವಳಿಗೆ ನಿನ್ನ ಬೆನ್ನು ಮಾತ್ರ ಕಂಡಿತು.

ಉಮಾ

ಅಚ್ಚಂಪೇಟೆ
೨೬ ಏಪ್ರಿಲ್ ೨೦೨೫

ಅಕ್ಕಾ,

ಸಿಕ್ಕಿತು. ಬಾಲಯ್ಯನಿಗೆ ಗುಂಡದ ಅಂಚಿನಲ್ಲಿ, ಕಲ್ಲಿನ ಸಂದಿಯಲ್ಲಿ ಸಿಕ್ಕಿದೆ. ವಸ್ತ್ರ ಹರಿದುಹೋಗಿತ್ತು, ಹೊಸ ಬಟ್ಟೆಯಲ್ಲಿ ಸುತ್ತಿದ್ದೇನೆ.

ಅಂಚೆಯ ಮೇಲೆ ಭರವಸೆಯಿಲ್ಲ. ಪ್ರಶಾಂತಿ ಇಲ್ಲಿಗೆ ಬಂದಿದ್ದಾಳೆ, ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ. ಅವ್ವ ಅವಳ ಕೈಯಿಂದ ತೆಗೆದುಕೊಳ್ಳದಿದ್ದರೆ ನೀನು ತೆಗೆದುಕೊಂಡು ಕೊಡು. ತಡ ಮಾಡಬೇಡ. ಹೆಚ್ಚು ಕೇಳಬೇಡ.

ರೇಷ್ಮೆಯ ವಿಷಯ ನನ್ನಲ್ಲೇ ಇರುತ್ತದೆ. ಹೋದ ಕಾಗದದಲ್ಲಿ ಬಿರುಸಾಗಿ ಬರೆದೆ, ಮರೆತುಬಿಡು.

ಗುರು

ನಾರಾಯಣಪೇಟೆ
೨೯ ಏಪ್ರಿಲ್ ೨೦೨೫

ಗುರು,

ಅವ್ವ ಉಂಡಳು. ಮೊದಲು ಅದನ್ನು ಓದು, ಆಮೇಲೆ ಉಳಿದದ್ದು.

ಪ್ರಶಾಂತಿ ಭಾನುವಾರ ಹತ್ತು ಗಂಟೆಗೆ ಬಂದಳು. ಅವ್ವ ಹಾಸಿಗೆಯಿಂದ ಏಳಲಾರದೆ ಗೋಡೆಗೆ ಒರಗಿದ್ದಳು. ನಾನು ಗಂಟು ತೆಗೆದುಕೊಳ್ಳಲು ಮುಂದೆ ಬಂದೆ. ಅವ್ವ ನನ್ನನ್ನು ಸರಿಸಿ, ತನ್ನ ಎಡಗೈಯನ್ನು ಪ್ರಶಾಂತಿಯ ಮುಂದೆ ಚಾಚಿದಳು. ನಾಲ್ಕು ವರ್ಷಕ್ಕೆ ಮೊದಲ ಸಲ, ತಾನಾಗಿಯೇ. ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದಳು. ಹೆಬ್ಬೆರಳು ಮಾತ್ರ ಅದರ ಮೇಲೆ ಆಡುತ್ತಿತ್ತು. ಆಮೇಲೆ ಕಣ್ಣೀರು ಬಂತು. ಲಿಂಗ ಕಳೆದ ದಿನ ಬಾರದ ಕಣ್ಣೀರು ಸಿಕ್ಕ ದಿನ ಬಂತು ನೋಡು. ನಾನೂ ಅತ್ತೆ, ಸುಳ್ಳೇಕೆ.

ಜಳಕ ಮಾಡಿ, ವಿಭೂತಿ ಹಚ್ಚಿ, ಪೂಜೆ ಮುಗಿಸಿ ಮೆತ್ತಗಿನ ಅನ್ನ ಹಾಲು ಉಂಡಳು. ಇವತ್ತು ಒಂದು ರೊಟ್ಟಿ. ಈ ಸಲ ದಾರ ನೂಲಿನದೇ, ಮೂರು ಗಂಟು ಹಾಕಿದ್ದೇನೆ. ಪ್ರಶಾಂತಿ ಮಾತ್ರ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದಳು. ಅವಳಿಗೆ ನಮ್ಮ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲವೇನೋ, ಅದೂ ಸರಿಯೇ.

ಊಟವಾದ ಮೇಲೆ ಅವ್ವ ಒಂದು ಮಾತು ಕೇಳಿದಳು, "ಅವ ಅಲ್ಲಿ ಏನು ಉಣತಾನ?" ಕ್ಯಾಂಪಿನಲ್ಲಿ ಅನ್ನ, ತೊಗರಿ ಪಪ್ಪು ಮಾಡುತ್ತಾರೆ ಎಂದೆ. ಸಂಜೆ ಮತ್ತೆ ಅದನ್ನೇ ಕೇಳಿದಳು. ಇವತ್ತು ಮುಂಜಾನೆ ಮತ್ತೆ. ಹಸಿವೆಯಿಂದ ಮರೆವು ಹತ್ತಿರಬೇಕು. ನಿನ್ನ ಹೆಸರು ಹಿಡಿಯದಿದ್ದರೂ ನಿನ್ನನ್ನು ಕೇಳುತ್ತಿದ್ದಾಳಲ್ಲ, ನನಗೆ ಅಷ್ಟೇ ಸಾಕು.

ಇನ್ನಾದರೂ ನಗುತ್ತಾ ಒಂದು ಕಾಗದ ಬರೆ.

ಉಮಾ

ಕ್ಯಾಂಪ್
೪ ಮೇ ೨೦೨೫

ಅಕ್ಕಾ,

ಇದನ್ನು ಅವ್ವನೆದುರು ಓದಬೇಡ. ಓದಿ ಒಲೆಗೆ ಹಾಕು.

ಅದು ಅವ್ವನ ಲಿಂಗವಲ್ಲ, ನನ್ನದು.

ಅವ್ವನದು ಸಿಕ್ಕಿದ್ದು ನಿಜ. ಜಾತ್ರೆಯ ಕೊನೆಯ ಸಂಜೆ ಬಾಲಯ್ಯ ಗುಂಡದಿಂದ ಜನರ ಚಪ್ಪಲಿ, ಬಳೆ ಎಲ್ಲ ತೆಗೆಯುತ್ತಿದ್ದಾಗ ಅದೂ ಬಂತು. ಗವಿಯಲ್ಲಿ ಲಿಂಗಮಯ್ಯನ ಪಕ್ಕಕ್ಕೆ ಇಟ್ಟು ನೀರೆರೆದ. ನಾನು ಅಲ್ಲೇ ಇದ್ದೆ. ಯಾರದೋ ಪಾಪ ಅಂದುಕೊಂಡು ಕೈ ಮುಗಿದು ಬಂದೆ. ನಮ್ಮವ್ವನದೆಂದು ಕನಸಿನಲ್ಲೂ ಹೊಳೆಯಲಿಲ್ಲ.

ನಿನ್ನ ಕಾಗದ ಬಂದಾಗ ಹೊಳೆಯಿತು; ಕೈಗೆ ಸಿಗುವ ಮುಂಚೆ ನಿನಗೆ ಆಸೆ ಹುಟ್ಟಿಸಬಾರದೆಂದು ಅದನ್ನು ಬರೆಯದೆ ಬಾಲಯ್ಯನನ್ನು ಹುಡುಕಿಕೊಂಡು ಹೋದೆ. ಅವನು ನನ್ನ ಮಾತನ್ನೆಲ್ಲ ಕೇಳಿ ತಲೆ ಅಲ್ಲಾಡಿಸಿದ. "ಅದು ತಾನಾಗಿ ಬಂದು ತಂದೆ ಪಕ್ಕ ಕೂತೈತಿ ಸಾರ್. ಕೂಸಿನ್ನ ತಂದೆ ತೊಡೆಯಿಂದ ಎಬ್ಬಿಸಿ ನಾ ಹೆಂಗ ಕೊಡಲಿ?" ಅಂದ. ಎರಡು ದಿನ ಬೇಡಿಕೊಂಡೆ. ಒಪ್ಪಲಿಲ್ಲ.

ಏಪ್ರಿಲ್ ಇಪ್ಪತ್ತನಾಲ್ಕರಂದು ನಿನ್ನ ಮುಂದಿನ ಕಾಗದ ಬಂತು. ಸಕ್ಕರೆ ಐವತ್ತೆರಡು ಅನ್ನುವುದನ್ನು ಓದಿ ನಾನು ಯಾರಿಗೂ ಹೇಳದೆ ಕಣಿವೆಗೆ ಇಳಿದೆ. ಮಧ್ಯಾಹ್ನದ ಹೊತ್ತು. ಹಕ್ಕಿಯ ಸದ್ದೂ ಇರಲಿಲ್ಲ. ಜನರಿಲ್ಲದ ಲೊದ್ದಿಗುಂಡವನ್ನು ನೀನು ನೋಡಿಲ್ಲ. ನೀರು ಅಷ್ಟೇ ಸದ್ದು ಮಾಡುತ್ತದೆ, ಆದರೆ ಬೆನ್ನ ಹಿಂದೆ ಏನು ಬಂದರೂ ಕೇಳಿಸುವುದಿಲ್ಲ ಎಂಬುದು ತಲೆಯಿಂದ ಹೋಗುವುದಿಲ್ಲ. ಪ್ರತಿ ಹತ್ತು ಹೆಜ್ಜೆಗೆ ನಿಂತು ತಿರುಗಿ ನೋಡಿದೆ.

ಗವಿಯೊಳಗೆ ಬಾಲಯ್ಯ ಕೂತಿದ್ದ. ಅವ್ವನ ಲಿಂಗ ಅಲ್ಲೇ ಇತ್ತು, ಕಾಡು ಹೂವಿಟ್ಟಿದ್ದ. ನಾನು ಕೈ ಚಾಚಿದೆ. ಅವನು ತಡೆಯಲಿಲ್ಲ. "ತಗೋ ಸಾರ್. ನಾ ಕೊಡಂಗಿಲ್ಲ, ನೀ ತಗೊಂಡ್ರ ಹಿಡಿಯಂಗೂ ಇಲ್ಲ" ಅಂದ. ಪಕ್ಕದಲ್ಲಿ ಅವನ ಗೆಡ್ಡೆಯ ಬುತ್ತಿ ಬಿಚ್ಚದೆ ಇತ್ತು. ಎರಡೂ ಲಿಂಗಕ್ಕೆ ನೀರೆರೆಯುವ ತನಕ ಅವನು ಬಾಯಿಗೆ ಏನೂ ಹಾಕುವುದಿಲ್ಲವಂತೆ. ನಮ್ಮವ್ವನ ಹಾಗೆಯೇ. ನನ್ನ ಕೈ ಮುಂದೆ ಹೋಗಲಿಲ್ಲ ಅಕ್ಕಾ. ಒಬ್ಬರ ಅನ್ನ ಉಳಿಸಲು ಇನ್ನೊಬ್ಬರ ಅನ್ನ ಕಸಿದ ಹಾಗೆ ಅನ್ನಿಸಿತು.

ಹತ್ತಿ ಬರುವಾಗ, ಇಳಿಯುವಾಗ ಮೂಡಿದ್ದ ನನ್ನ ಬೂಟಿನ ಗುರುತಿನ ಮೇಲೆ ಹುಲಿಯ ಹೆಜ್ಜೆ ಇತ್ತು. ಒದ್ದೆಯಾಗಿತ್ತು. ಅದು ನನ್ನ ಹಿಂದೆಯೇ ನೀರಿನವರೆಗೆ ಬಂದು ಹೋಗಿದೆ. ಕ್ಯಾಮೆರಾದಲ್ಲಿ ನನ್ನ ಫೋಟೋ ಬಂದಿದೆ, ಮೆಮೋ ಕೊಟ್ಟಿದ್ದಾರೆ. ಉತ್ತರ ಬರೆಯಬೇಕು.

ಅಂದು ಸಂಜೆ ನನ್ನ ಕೊರಳಿನದನ್ನು ಬಿಚ್ಚಿದೆ. ಪ್ರಶಾಂತಿಗೆ ಮಾತ್ರ ಗೊತ್ತು. ಅವಳು ನನ್ನ ಜೊತೆ ಜಗಳವಾಡಿ, ಅತ್ತು, ಕೊನೆಗೆ ತೆಗೆದುಕೊಂಡು ಬಂದಳು. ಅವ್ವನಿಗೆ ಸುಳ್ಳು ಲಿಂಗ ಕೊಟ್ಟೆ. ಇದಕ್ಕಿಂತ ದೊಡ್ಡ ಮೋಸ ಅವಳಿಗೆ ಯಾರೂ ಮಾಡಿಲ್ಲ. ಆದರೆ ಬದುಕಿದ್ದಾಳೆ.

ನಾನು ಊಟ ಮಾಡುತ್ತಿದ್ದೇನೆ. ಆ ಚಿಂತೆ ಬೇಡ.

ಗುರು

ನಾರಾಯಣಪೇಟಿ
ಮೇ ೭, ಬುಧವಾರ

ಗುರುಲಿಂಗಗ,

ಇದು ನಾನೇ ಬರದದ್ದು. ಅಕ್ಷರ ಸೊಟ್ಟ ಅದಾವು, ಕೂಡಿಸಿ ಓದಿಕೊ. ಉಮಾ ನಿನ್ನ ಕಾಗದ ಜ್ವಾಳದ ಹಿಟ್ಟಿನ ಡಬ್ಬ್ಯಾಗ ಮುಚ್ಚಿಟ್ಟಿದ್ದಳು. ರೊಟ್ಟಿ ಬಡ್ಯಾಕ ಹೋಗಿ ಕೈಗೆ ಸಿಕ್ತು. ಪೂರಾ ಓದಿಸಿದೆ. ರೇಷ್ಮಿ ದಾರದ್ದೂ ಆಕಿ ಹೇಳಿ ಅತ್ತಳು. ಬೈದಿಲ್ಲ ಆಕಿನ್ನ. ಚಂದ ಕಾಣ್ತೈತಿ ಅಂತ ಕಟ್ಟಿಸಿಕೊಂಡಾಕಿ ನಾನಽ.

ನಿನ್ನ ಮೋಸ ನನಗ ಆವತ್ತಽ ಗೊತ್ತಾತು. ನೀ ಹೊಟ್ಟ್ಯಾಗ ಎಂಟು ತಿಂಗಳಿದ್ದಾಗ ಅಯ್ಯಾರು ನಿನ್ನ ಲಿಂಗ ತಂದು ನನ್ನ ಹೊಟ್ಟಿ ಮ್ಯಾಲೆ ಕಟ್ಟಿದ್ರು. ನೀ ಹುಟ್ಟಾತನಕ ದಿನಾ ಎರಡೂ ಲಿಂಗ ಒಂದಽ ಅಂಗೈಯಾಗ ಇಟ್ಟು ಪೂಜಿ ಮಾಡೀನಿ. ಯಾವುದು ನಂದು, ಯಾವುದು ನಿಂದು ಅಂತ ನನ್ನ ಕೈಗೆ ತಿಳಿಯಂಗಿಲ್ಲೇನು? ಪ್ರಶಾಂತಿ ಕೈಯಾಗ ಇಟ್ಟ ಕೂಡ್ಲೆ ತಿಳೀತು.

ತಿಳಿದೂ ಯಾಕ ಉಂಡೆ ಅಂದ್ರ ಹೇಳ್ತೀನಿ. ನಿನ್ನ ಮದುವಿ ಆದ ಮ್ಯಾಲೆ ಮಂದಿ ಬಂದು ನಿಮ್ಮ ಗುರುಲಿಂಗ ಲಿಂಗ ತೆಗೆದು ಪೆಟ್ಟಿಗ್ಯಾಗ ಹಾಕ್ಯಾನ ಅಂದ್ರು. ನಾ ನಂಬಿದೆ. ಮಾತು ಬಿಟ್ಟಿದ್ದು ಅದಕ್ಕಽ, ಆ ಹುಡುಗಿ ಸಲುವಾಗಿ ಅಲ್ಲ. ನೀನಾದ್ರೂ ಹೇಳಲಿಲ್ಲ, ನಾನಾದ್ರೂ ಕೇಳಲಿಲ್ಲ. ಪೆಟ್ಟಿಗ್ಯಾಗ ಇಟ್ಟ ಲಿಂಗದ ಮ್ಯಾಲಿನ ಕರಿ ಕಂತಿ ಒಣಗಿ ಬಿರಿತೈತಿ. ನನ್ನ ಕೈಗೆ ಬಂದದ್ದು ನುಣ್ಣಗಿತ್ತು. ನೀರು ವಿಭೂತಿ ದಿನಾ ಬಿದ್ದು ಬಿದ್ದು ಸವೆದಿತ್ತು. ನಾಕು ವರ್ಷ ನೀ ಒಂದು ದಿನಾನೂ ಬಿಟ್ಟಿಲ್ಲ. ತಪ್ಪು ತಿಳಿದಾಕಿ ನಾನು. ಅದಕ್ಕಽ ಕಣ್ಣೀರು ಬಂದ್ವು.

ಬಂದದ್ದು ಬಂದ್ವು, ಆಮ್ಯಾಲೆ ಹೆದರಿಕಿ ಹತ್ತಿತು. ದಿನಾ ಪೂಜಿ ಮಾಡಿ ಉಣ್ಣಾವ ಲಿಂಗ ನನಗ ಕೊಟ್ಟು ತಾ ಏನು ಉಣತಾನ? ಅದಽ ಕೇಳಿದ್ರ ಉಮಾ ನನಗ ಅರುವು ಮರುವು ಅಂದಳು. ಊಟ ಮಾಡ್ತೀನಿ ಅಂತ ನೀ ಬರದದ್ದು ಸುಳ್ಳು. ನಿನ್ನೆ ಪ್ರಶಾಂತಿ ಅಚ್ಚಂಪೇಟಿ ಆಫೀಸಿಗೆ ಫೋನು ಮಾಡಿದಳು. ಅಲ್ಲಿ ಸಾಹೇಬ್ರು, ಗುರುಲಿಂಗ ಹತ್ತು ಹನ್ನೆರಡು ದಿನದಿಂದ ಮೆಸ್ಸಿಗೆ ಬಂದಿಲ್ಲ, ಜೇನು ನೀರು ಕುಡಕೊಂಡು ಅದಾನ ಅಂದ್ರಂತ.

ನಂದು ಅಲ್ಲೇ ಇರಲಿ. ಅದಕ್ಕ ನೀರೆರೆದು ಉಣ್ಣಾವ ಒಬ್ಬ ಅದಾನ, ನನಗ ಸಮಾಧಾನ ಐತಿ. ಬಾಲಯ್ಯಗ ನನ್ನ ಶರಣು ಹೇಳು. ಹುಲಿ ಇದ್ದಲ್ಲಿ ಇನ್ನೊಮ್ಮೆ ಇಳೀಬ್ಯಾಡ.

ಶುಕ್ರವಾರ ಮೊದಲನೇ ಬಸ್ಸಿಗೆ ಬರಾಕತ್ತೀವಿ. ಅಚ್ಚಂಪೇಟ್ಯಾಗ ರೇಷನ್ ಜೀಪು ನಿಲ್ಲೋ ಕಡಿ ಬಂದು ನಿಂತಿರು. ಇರೋದು ಒಂದಽ ಲಿಂಗ, ಮೊದಲು ನನ್ನ ಅಂಗೈಯಾಗ ಪೂಜಿ, ಆಮ್ಯಾಲೆ ನಿನ್ನ ಅಂಗೈಯಾಗ. ಒಂದು ಲಿಂಗ ಇಬ್ಬರು ಹಂಚಿಕೋಬಾರದು ಅಂದ್ರ ಅಯ್ಯಾರಿಗೆ ಏನು ಹೇಳಬೇಕೋ ನಾ ಹೇಳ್ತೀನಿ. ರೊಟ್ಟಿ, ಪುಂಡಿಪಲ್ಯ ಪ್ರಶಾಂತಿ ಮಾಡಿ ತರ್ತಾಳ. ನನ್ನ ಎದುರಿಗೆ ಕೂತು ನೀ ಉಣ್ಣು. ನೀ ಉಂಡ ಮ್ಯಾಲೆ ಆಕಿ ಕೈಯಾಗಿಂದು ನಾ ಉಣತೀನಿ.

ನಿಮ್ಮವ್ವ,
ವೀರಬಸಮ್ಮ